ಶಿವಲೀಲಾಳ ಒಂದೂವರೆ ತಾಸು

ಸೊನ್ನೆ ಹಾಕಿದ್ದು ನಾನೇ, ಗೆಳೆಯರೇ. ನನ್ನ ಭೌತಶಾಸ್ತ್ರದ ಪ್ರಶ್ನೆ ಇಷ್ಟೇ: ಬಳ್ಳಾರಿಯಿಂದ ಕುರುಗೋಡಿಗೆ ಮೂವತ್ತು ಕಿಲೋಮೀಟರ್, ಬಸ್ಸಿನ ವೇಗ ಗಂಟೆಗೆ ಅರವತ್ತು, ಎಷ್ಟು ಹೊತ್ತು ಬೇಕು? ಒಂಬತ್ತನೇ ತರಗತಿಯ ಶಿವಲೀಲಾ ‘ಒಂದೂವರೆ ತಾಸು’ ಎಂದು ಬರೆದಿದ್ದಳು.

ಇವತ್ತು ಪೇಪರ್ ಕೊಟ್ಟು, ತಪ್ಪಿಗೆ ಕಾರಣ ನೀವೇ ಹೇಳಿ ಎಂದೆ. ಎದ್ದು ನಿಂತಳು.

“ಸೂತ್ರ ಗೊತ್ತೈತ್ರಿ ಸಾರ್. ರೈಲ್ವೆ ಗೇಟು, ಡ್ರೈವರಣ್ಣನ ಚಾ, ಎರಡೂ ಕೂಡಿಸೀನಿ.”

“ಲೆಕ್ಕದಾಗ ಚಾ ಎಲ್ಲಿಂದ ಬಂತವ್ವಾ?”

“ದಿನಾ ತಡಾ ಮಾಡಿ ಬಂದಾಗ ನೀವಾ ಹೇಳ್ತೀರಲ್ರಿ!”

ಇಡೀ ತರಗತಿ ನಕ್ಕಿತು. ಆದರೂ ಅಂಕ ಕೊಡಲಿಲ್ಲ.

ಈಗ ಊರಿಗೆ ಮರಳುವ ಬಸ್ಸಿನಲ್ಲಿದ್ದೇನೆ. ಗೇಟು ಬಿದ್ದಿದೆ, ಡ್ರೈವರ್ ಚಾ ಕುಡಿಯುತ್ತಿದ್ದಾನೆ. ಹೊರಟು ಒಂದೂಮುಕ್ಕಾಲು ತಾಸಾಯಿತು, ಬಳ್ಳಾರಿ ಇನ್ನೂ ಬಂದಿಲ್ಲ. ಶಿವಲೀಲಾಳ ಉತ್ತರ ತಪ್ಪೇ. ಸೊನ್ನೆ ಹಾಗೇ ಇರಲಿ.