ಎಂಜಲು ಹೊಗೆ

ಸ್ಪೀಡಿನ ಮುಳ್ಳು ಐದರ ಗೆರೆಯಿಂದ ಒಂದು ಅಕ್ಕಿಕಾಳಿನಷ್ಟು ಮೇಲೆ ನಿಂತಿತ್ತು. ಅಪ್ಪ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿ ಹಿಡಿದಿದ್ದರು. ಮುಳ್ಳು ಒಮ್ಮೆ ನಡುಗಿತು, ಮೇಲೇರಲಿಲ್ಲ. ಎಡಗಡೆಯಿಂದ ಹಾಲಿನವನೊಬ್ಬ ಸೈಕಲ್ಲಿನ ಎರಡು ಬದಿಗೂ ಕ್ಯಾನು ತೂಗುಹಾಕಿಕೊಂಡು, ಪೆಡಲಿನ ಮೇಲೆ ಎದ್ದುನಿಂತು ತುಳಿಯುತ್ತಾ ನಮ್ಮನ್ನು ದಾಟಿದ. ದಾಟುವಾಗ ಕಿಟಕಿಯೊಳಗೆ ಇಣುಕಿ, "ಯಜಮಾನ್ರೇ, ತಳ್ಳೋದೇನಾರ ಬೇಕಾ?" ಅಂದ. ನಾನು ಗಡಿಯಾರ ನೋಡಿಕೊಂಡೆ. ಎಂಟು ಗಂಟೆ ಎರಡು ನಿಮಿಷ.

ಅದು ಹೆಬ್ಬಾಳದ ಕೆರೆ ದಾಟಿದ ಮೇಲೆ ಬೆಂಗಳೂರಿನ ಕಡೆಗೆ ಏರುವ ರಸ್ತೆ. ನಮ್ಮ ಊರು ಆವತಿಯ ಹತ್ತಿರ. ಅಪ್ಪನ ಪಿಕಪ್ಪು, ಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಹರಾಜು ಹಾಕಿದ ಹಳೆಯ ಪೆಟ್ರೋಲು ಗಾಡಿ. ಊರಿನ ತರಕಾರಿಯನ್ನು ಬೆಳಗಿನ ಜಾವ ಹೊತ್ತು ಮಾರುಕಟ್ಟೆಗೆ ಒಯ್ಯುವುದು ಅದರ ಕೆಲಸ. ಅದರ ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿಕೊಂಡು ಕಾಲೇಜಿನ ಬಾಗಿಲಲ್ಲಿ ಇಳಿಸುವುದು ಅಪ್ಪನ ಷರತ್ತು. ಬಿ.ಎಸ್ಸಿ. ಓದಿಸಲು ಒಪ್ಪಿದಾಗ ಅಪ್ಪ ಹೇಳಿದ್ದು ಒಂದೇ ಮಾತು: "ನನ್ನ ಗಾಡೀಲಿ ಹೋಗು, ನನ್ನ ಗಾಡೀಲಿ ಬಾ." ಗಾಡಿ ಹೋಗದ ದಿನ ನಾನೂ ಹೋಗುವಂತಿರಲಿಲ್ಲ.

ಭೌತಶಾಸ್ತ್ರದ ಪ್ರಾಯೋಗಿಕ ತರಗತಿ ಎಂಟಕ್ಕೆ. ಹತ್ತು ನಿಮಿಷ ತಡವಾದರೆ ಬಾಗಿಲು ಹಾಕುತ್ತಿದ್ದರು, ಹಾಜರಿ ಹೋಗುತ್ತಿತ್ತು. ಅಂತಿಮ ವರ್ಷದ ಆ ಡಿಸೆಂಬರಿನಲ್ಲಿ ನನ್ನ ಲೆಕ್ಕದ ಪ್ರಕಾರ ಇನ್ನು ನಾಲ್ಕು ತರಗತಿ ಮಾತ್ರ ತಪ್ಪಿಸಬಹುದಿತ್ತು. ಐದನೆಯದು ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ಕೂರದಿದ್ದರೆ ಓದು ಅಲ್ಲಿಗೆ ಮುಗಿಯಿತು, ಅಮ್ಮನ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ, ನನ್ನನ್ನು ಕೊಡುವುದು. ಇದು ನಾನು ಹುಟ್ಟಿದ ವರ್ಷವೇ ಆಗಿದ್ದ ಮಾತು. ಮಾವ ಕೆಟ್ಟವರಲ್ಲ. ಈ ವಿಷಯದಲ್ಲಿ ಇಷ್ಟು ಬರೆದರೆ ಸಾಕು.

ಆ ದಿನ ನಾನು ತಲುಪುವಾಗ ಬಾಗಿಲು ಹಾಕಿತ್ತು. ಉಳಿದದ್ದು ಮೂರು.

ಗಾಡಿ ಏರು ಏರದಿರಲು ಕಾರಣ ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ಅದು ಅವರೆಕಾಯಿಯ ಕಾಲ. ಹದಿನೈದು ಮೂಟೆ ಹೊರುವ ಗಾಡಿಗೆ ಅಪ್ಪ ಇಪ್ಪತ್ತೈದು ಹೇರುತ್ತಿದ್ದರು. ಸಂಜೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಅಮ್ಮ ಹೇಳಿದಳು:

"ಒಂದ್ ಹತ್ತು ಮೂಟೆ ಇಳಿಸಿ ನೋಡ್ಬಾರ್ದಾ?"

ಅಪ್ಪ ನಕ್ಕುಬಿಟ್ಟರು. "ಎಂಜಿನ್ ವಿಷ್ಯ ನಿಂಗೇನ್ ಗೊತ್ತಾಯ್ತದೆ, ಸುಮ್ನೆ ಕಾಯಿ ಸುಲಿ."

ಶನಿವಾರ ಮಾವ ಬಂದರು. ಅವರು ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರು. ವಿಮಾನದ ರೆಕ್ಕೆಗೆ ರಿವೆಟ್ ಹೊಡೆಯುವುದು ಅವರ ಕೆಲಸವಾಗಿತ್ತಾದರೂ ಊರಿಗೆ ಬಂದಾಗ ಇಡೀ ವಿಮಾನವನ್ನು ಅವರೊಬ್ಬರೇ ಮಾಡುತ್ತಿದ್ದರು. ಈ ಸಲ ಫುಟ್‌ಪಾತಿನಲ್ಲಿ ಕೊಂಡ ಒಂದು ಹಳೆಯ ಅಮೆರಿಕದ ಮೋಟಾರು ಪತ್ರಿಕೆ ತಂದಿದ್ದರು. ಅದರಲ್ಲಿ ಪಿಕಪ್ಪುಗಳ ಎಂಜಿನ್ನಿಗೆ ಹೆಚ್ಚು ಬಲ ತುಂಬಲು ಸೂಪರ್‌ಚಾರ್ಜರ್ ಒಳ್ಳೆಯದೋ ಟರ್ಬೊ ಒಳ್ಳೆಯದೋ ಎಂದು ತೂಗಿ ನೋಡುವ ಲೇಖನವೊಂದಿತ್ತು. ಎರಡು ಪುಟ ಇತ್ತು. ತೀರ್ಪು ಇದ್ದ ಮೂರನೆಯ ಪುಟವನ್ನು ಯಾರೋ ಹರಿದುಕೊಂಡಿದ್ದರು. ಆ ಪುಟ ಇದ್ದಿದ್ದರೆ ನಮ್ಮ ಮನೆಯಲ್ಲಿ ಎಷ್ಟೋ ಶಾಂತಿ ಇರುತ್ತಿತ್ತು.

ಅಪ್ಪ ದೇವನಹಳ್ಳಿಯಿಂದ ಮೆಕ್ಯಾನಿಕ್ಕನ್ನೂ ಕರೆಸಿದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಸೈನ್ಯದ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಬಂದವರು, ಸ್ಪ್ಯಾನರ್ ಹಿಡಿಯದೆ ಬರೀ ಕಿವಿಯಿಂದ ಎಂಜಿನ್ನಿನ ಕಾಯಿಲೆ ಹೇಳುವವರು. ಜಗಲಿಯ ಮೇಲೆ ಅಪ್ಪ, ಮಾವ, ಉಸ್ತಾದ್. ಗೋಡೆಗೆ ಒರಗಿ ಅಪ್ಪನ ತಾಯಿ, ನನ್ನ ಅಜ್ಜಿ. ಮೂಲೆಯಲ್ಲಿ ಅವರೆಕಾಯಿಯ ಜೊತೆ ಅಮ್ಮ. ಇಂಗ್ಲಿಷ್ ಬರುವವಳೆಂದು ನನ್ನನ್ನು ನಡುವೆ ಕೂರಿಸಿ ಓದಿ ಹೇಳಲು ಹೇಳಿದರು.

"ಸೂಪರ್ ಚಾರ್ಜು ಅಂದ್ರೆ ಏನು, ಬಸ್ಸಿನ ಚಾರ್ಜಿಗಿಂತ ಜಾಸ್ತೀನಾ?" ಎಂದು ಅಜ್ಜಿ ಕೇಳಿದರು.

ಅದಲ್ಲ ಎಂದು ಹೇಳಿ ನಾನು ಶುರುಮಾಡಿದೆ. ಎಂಜಿನ್ನಿಗೆ ಪೆಟ್ರೋಲಿನಷ್ಟೇ ಗಾಳಿಯೂ ಬೇಕು. ಹೆಚ್ಚು ಗಾಳಿಯನ್ನು ಒತ್ತಿ ತುಂಬಿದರೆ ಹೆಚ್ಚು ಪೆಟ್ರೋಲು ಉರಿಸಬಹುದು, ಬಲ ಹೆಚ್ಚುತ್ತದೆ. ಎರಡು ಯಂತ್ರವೂ ಮಾಡುವುದು ಅದನ್ನೇ. ಸೂಪರ್‌ಚಾರ್ಜರನ್ನು ಎಂಜಿನ್ನೇ ಬೆಲ್ಟು ಹಾಕಿ ತಿರುಗಿಸುತ್ತದೆ, ಹಾಗಾಗಿ ಕಾಲು ಒತ್ತಿದ ಕೂಡಲೇ ಬಲ ಬರುತ್ತದೆ, ಆದರೆ ತಿರುಗಿಸಲು ಬಲ ಖರ್ಚಾಗುತ್ತದೆ. ಟರ್ಬೊಗೆ ಬೆಲ್ಟಿಲ್ಲ. ಹೊರಗೆ ಹೋಗುವ ಹೊಗೆಯ ರಭಸಕ್ಕೇ ಅದರ ಚಕ್ರ ತಿರುಗುತ್ತದೆ. ವ್ಯರ್ಥವಾಗುವುದು ಕೆಲಸಕ್ಕೆ ಬರುತ್ತದೆ, ಆದರೆ ಬಲ ಬರಲು ಸ್ವಲ್ಪ ಹೊತ್ತು ಕಾಯಬೇಕು.

ಇಲ್ಲಿಯವರೆಗೆ ಸರಿಯಾಗಿತ್ತು. 'ಎಕ್ಸಾಸ್ಟ್' ಎಂಬ ಶಬ್ದವನ್ನು ಕನ್ನಡದಲ್ಲಿ ಹೇಳಬೇಕೆಂಬ ಆಸೆ ನನಗೆ ಹುಟ್ಟಬಾರದಿತ್ತು. ನಾನು, "ಎಂಜಿನ್ನು ಉಂಡು ಬಿಟ್ಟ ಹೊಗೆ" ಎಂದೆ. ಅನುವಾದ ನಿಖರವಾಗಿದೆಯೆಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಅಜ್ಜಿ ಬೆನ್ನು ನೆಟ್ಟಗೆ ಮಾಡಿದರು. "ಉಂಡು ಬಿಟ್ಟಿದ್ದು ಅಂದ್ರೆ ಎಂಜಲು ತಾನೆ?"

ಅಪ್ಪನ ಕಡೆ ತಿರುಗಿದರು.

"ಎಂಜಲು ಹೊಗೇಲಿ ಗಾಡಿ ಓಡಿಸ್ತೀಯೇನ್ಲಾ? ಆ ಗಾಡೀಲಿ ಹೋದ ಅವರೆಕಾಯ್ನ ಜನ ಸಂಕ್ರಾಂತಿಗೆ ದೇವರ ಮುಂದೆ ಇಡ್ತಾರೆ ಕಣೋ."

"ಅಮ್ಮಾ, ಆ ಹೊಗೆ ಒಳಗೆ ಹೋಗಲ್ಲ," ಎಂದು ಉಸ್ತಾದ್ ತಾಳ್ಮೆಯಿಂದ ಹೇಳಿದರು. "ಒಂದು ಚಕ್ರ ತಿರುಗಿಸ್ತದೆ, ಸೀದಾ ಆಚೆ ಹೋಯ್ತದೆ. ಒಳಗೆ ಹೋಗೋದು ಬೇರೆ ಗಾಳಿ, ಸಾಫ್ ಗಾಳಿ. ಅದಕ್ಕೆ ಬೇರೆ ಚಕ್ರ."

"ಆ ಎರಡು ಚಕ್ರ ಒಂದಕ್ಕೊಂದು ಮುಟ್ಟುತ್ತೋ ಇಲ್ವೋ?"

ಉಸ್ತಾದ್ ಪ್ರಾಮಾಣಿಕರು. "ಒಂದೇ ಸರಳಿಗೆ ಎರಡೂ ಕೂರಿಸಿರ್ತಾರೆ, ಅಮ್ಮಾ."

"ಹಂಗಾದ್ರೆ ಮುಟ್ಟಿದ ಹಂಗೇ."

ನನ್ನ ಶಬ್ದವನ್ನು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದೆ. ಹೊಗೆ ಎಂದರೆ ಉಸಿರಿದ್ದ ಹಾಗೆ, ಎಂಜಲಲ್ಲ ಎಂದೆ. ಅಜ್ಜಿ ನನ್ನ ಕಡೆ ಕರುಣೆಯಿಂದ ನೋಡಿ, "ನೀನೇ ಹೇಳ್ದೆ ಕಣವ್ವ, ಓದಿರೋಳು," ಎಂದರು. ಆ ಮನೆಯಲ್ಲಿ ನನ್ನ ಓದಿಗೆ ಅಂಥ ಮನ್ನಣೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ಎರಡರಲ್ಲಿ ಯಾವುದೂ ದೇವನಹಳ್ಳಿಯಲ್ಲಿರಲಿ, ಬೆಂಗಳೂರಿನ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದನ್ನು ನಾನು ಹೇಳಲಿಲ್ಲ. ಯಾರೂ ಕೇಳಿರಲಿಲ್ಲ. ಯಾವುದು ಒಳ್ಳೆಯದು ಎಂದಷ್ಟೇ ಕೇಳಿದ್ದರು.

ಮುಂದಿನ ಹದಿನೈದು ದಿನ ಊರಿನಲ್ಲಿ ಎರಡು ಪಂಗಡಗಳಾದವು. ಟೀ ಅಂಗಡಿಯ ಒಂದು ಬೆಂಚಿನಲ್ಲಿ ಬೆಲ್ಟಿನವರು, ಇನ್ನೊಂದರಲ್ಲಿ ಹೊಗೆಯವರು. ಮಾವ ಬೆಲ್ಟಿನ ನಾಯಕರು, ವಿಮಾನಗಳಿಗೆಲ್ಲ ಅದೇ ಇರುವುದು ಎನ್ನುತ್ತಿದ್ದರು. ಉಸ್ತಾದ್ ಹೊಗೆಯ ಕಡೆ. "ಮುಫತ್ತಾಗಿ ಸಿಗೋ ತಾಕತ್ತು ಗುರು, ಯಾಕೆ ಬಿಡ್ಬೇಕು?" ಜೀವಮಾನದಲ್ಲಿ ಗಾಡಿಯ ಬಾನೆಟ್ಟು ಎತ್ತಿ ನೋಡದವರು ಕೂಡ ಒಂದು ಬೆಂಚು ಆರಿಸಿಕೊಂಡರು. ಈ ನಡುವೆ ಅಳತೆ ತೆಗೆಯಬೇಕೆಂದು ಗಾಡಿಯನ್ನು ಎರಡು ಸಲ ಉಸ್ತಾದರ ಶೆಡ್ಡಿನಲ್ಲಿ ನಿಲ್ಲಿಸಿದರು. ನನಗೆ ಎರಡು ತರಗತಿ ತಪ್ಪಿತು. ಉಳಿದದ್ದು ಒಂದು. ಒಂದೇ ಉಳಿದಿದೆ ಎಂದು ಅಪ್ಪನಿಗೆ ಹೇಳಿದೆ. "ಅದಕ್ಕೇ ಅಲ್ವೇನಮ್ಮಣ್ಣಿ ಇಷ್ಟೆಲ್ಲಾ ಮಾಡ್ತಿರೋದು?" ಅಂದರು. ಅವರು ನಿಜವಾಗಿಯೂ ಹಾಗೇ ನಂಬಿದ್ದರು.

ಕೊನೆಗೆ ಗೆದ್ದದ್ದು ಸೂಪರ್‌ಚಾರ್ಜರ್. ಅದಕ್ಕೆ ಎಂಜಲಿನ ದೋಷವಿರಲಿಲ್ಲ. ಸಿಗದ ವಸ್ತುವನ್ನು ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು. ಕಮ್ಮಾರನ ಕುಲುಮೆಯಲ್ಲಿ ಬೆಂಕಿಗೆ ಗಾಳಿ ಹಾಕಲು ಕೈಯಿಂದ ತಿರುಗಿಸುವ ಒಂದು ಕಬ್ಬಿಣದ ಫ್ಯಾನು ಇತ್ತು. ಮಾವ ಅದನ್ನು ತಂದು ಹಿಡಿ ಕತ್ತರಿಸಿ, ಎಂಜಿನ್ನಿನ ಬೆಲ್ಟಿಗೆ ಸಿಕ್ಕಿಸಿ, ಅದರ ಬಾಯನ್ನು ಸೈಕಲ್ ಟ್ಯೂಬಿನಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಕಟ್ಟಿದರು. ಉಸ್ತಾದ್ ಹೊಗೆಯ ಪಕ್ಷದವರಾದರೂ ಟ್ಯೂಬು ಜಾರದ ಹಾಗೆ ತಂತಿ ಸುತ್ತಿಕೊಟ್ಟರು.

"ಮಾವ, ಹೀಗೆ ಮೇಲಿನಿಂದ ಗಾಳಿ ಒತ್ತಿದರೆ ಕಾರ್ಬ್ಯುರೇಟರ್ ಬಟ್ಟಲಿನಲ್ಲಿರೋ ಪೆಟ್ರೋಲು ಮೇಲಕ್ಕೆ ಬರೋದಿಲ್ಲ," ಎಂದೆ. "ಗಾಳಿ ಹೀರಿಕೊಂಡರೆ ತಾನೆ ಅದು ಬರೋದು?"

"ಇದೆಲ್ಲ ಪುಸ್ತಕದ್ದು ಕಣೇ," ಎಂದು ಮಾವ ನಕ್ಕರು. ಪುಸ್ತಕದ್ದೇ ಆಗಿತ್ತು. ಅವರು ತಂದುಕೊಟ್ಟ ಪತ್ರಿಕೆಯ ಎರಡನೆಯ ಪುಟದ್ದು.

ಭಾನುವಾರ ಬೆಳಿಗ್ಗೆ ಗಾಡಿಯ ಪರೀಕ್ಷೆ. ಆವತಿಯ ಬೆಟ್ಟದ ಪಕ್ಕದ ಏರಿನಲ್ಲಿ, ಇಪ್ಪತ್ತೈದು ಮೂಟೆ ಹೇರಿಕೊಂಡೇ. ಕಡಿಮೆ ಹೇರಿದರೆ ಪರೀಕ್ಷೆ ನ್ಯಾಯವಾಗುವುದಿಲ್ಲ ಎಂದು ಅಪ್ಪ ಹೇಳಿದರು. ಅಜ್ಜಿ ಫ್ಯಾನಿಗೆ ಅರಿಶಿನ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟರು. ಎರಡು ಬೆಂಚಿನವರೂ ಬಂದಿದ್ದರು. ನಾನು ಎಂದಿನ ಹಾಗೆ ಮುಂದಿನ ಸೀಟಿನಲ್ಲಿ ಕುಳಿತೆ. ಮಾವ ಬಾಗಿಲ ಹೊರಗೆ ಮೆಟ್ಟಿಲಿನ ಮೇಲೆ ನಿಂತರು.

ಫ್ಯಾನು ವಿಮಾನದ ಹಾಗೆಯೇ ಸದ್ದು ಮಾಡಿತು. ಅದನ್ನು ಒಪ್ಪಿಕೊಳ್ಳಬೇಕು. ಏರಿನ ಅರ್ಧದವರೆಗೆ ಹೋದೆವು. ಅಲ್ಲಿ ಎಂಜಿನ್ನು ಎರಡು ಸಲ ಸೀನಿತು. ಮೂರನೆಯ ಸಲ ಸೀನಲಿಲ್ಲ, ಸಿಡಿಯಿತು. ಬಾನೆಟ್ಟಿನ ಸಂದಿಯಿಂದ ಬೆಂಕಿ ನಾಲಿಗೆ ಚಾಚಿ ಒಳಗೆ ಹೋಯಿತು. ಫ್ಯಾನು ಕಿತ್ತುಕೊಂಡು ಹಳ್ಳಕ್ಕೆ ಉರುಳಿತು. ಹೋಗುವಾಗ ಬೆಲ್ಟನ್ನೂ ಹರಿದುಕೊಂಡು ಹೋಯಿತು.

"ನಿಲ್ಲಿಸ್ಬೇಡಿ ಭಾವ, ಇನ್ನೇನ್ ಮೇಲ್ ಬಂತು!" ಎಂದು ಮಾವ ಕೂಗಿದರು.

ಬೆಲ್ಟಿಲ್ಲದೆ ರೇಡಿಯೇಟರಿಗೆ ನೀರು ತಿರುಗದು. ಅಪ್ಪ ನಿಲ್ಲಿಸಲಿಲ್ಲ. ಮೇಲೆ ತಲುಪುವ ಹೊತ್ತಿಗೆ ಹಬೆ ಎದ್ದು, ಎಂಜಿನ್ನಿನ ತಲೆಯೊಳಗೆ ಏನೋ ಹರಿದ ಸದ್ದಾಗಿ, ಗಾಡಿ ತಾನಾಗಿಯೇ ನಿಂತಿತು. ಉಸ್ತಾದ್ ಏದುಸಿರು ಬಿಡುತ್ತಾ ನಡೆದು ಬಂದು, ಕಿವಿಯಿಟ್ಟು ಕೇಳಲು ಏನೂ ಇಲ್ಲದ್ದರಿಂದ ಸುಮ್ಮನೆ ನೋಡಿದರು.

"ಗ್ಯಾಸ್ಕೆಟ್ ಹೋಯ್ತು ಯಜಮಾನ್ರೇ. ತಲೆ ಬಿಚ್ಚಬೇಕು. ಸಾಮಾನು ಸಿಕ್ಕೋಕೆ ಹದಿನೈದು ದಿನ."

ಅಂದರೆ ಕನಿಷ್ಠ ಆರು ತರಗತಿ. ನನಗೆ ಉಳಿದಿದ್ದದ್ದು ಒಂದು.

ಎರಡು ಜೊತೆ ಎತ್ತು ಕಟ್ಟಿ ಗಾಡಿಯನ್ನು ಮನೆಗೆ ಎಳೆಸಿದರು. ಮೂಟೆಗಳನ್ನು ಇಳಿಸಿಯೇ ಎಳೆಸಿದರು. ಎತ್ತುಗಳ ವಿಷಯದಲ್ಲಿ ಅಪ್ಪನಿಗೆ ಭಾರದ ಅಂದಾಜು ಚೆನ್ನಾಗಿತ್ತು.

ಸಂಜೆ ಜಗಲಿಯಲ್ಲಿ ದುಃಖದ ಮಾತು ನಡೆಯುತ್ತದೆಂದು ನಾನು ತಿಳಿದಿದ್ದೆ.

"ನೋಡಿ," ಎಂದು ಉಸ್ತಾದ್ ಟೀ ಲೋಟ ಕೆಳಗಿಟ್ಟರು. "ಟರ್ಬೊ ಆಗಿದ್ರೆ ಬೆಲ್ಟೇ ಬೇಕಿರ್ಲಿಲ್ಲ."

"ಫ್ಯಾನ್ ಸಣ್ಣದಾಯ್ತು, ಅಷ್ಟೇ," ಎಂದರು ಮಾವ. "ದೊಡ್ಡದು ಒಂದು ನೋಡಿಟ್ಟಿದ್ದೀನಿ."

ಅಪ್ಪ ಇಬ್ಬರ ಮುಖವನ್ನೂ ಆಸೆಯಿಂದ ನೋಡಿದರು. ಆಗ ಅಜ್ಜಿ, ಬಹಳ ಯೋಚನೆ ಮಾಡಿದವರ ಹಾಗೆ, "ವಾರಕ್ಕೊಂದ್ಸಲ ಗಂಜಲ ಹಾಕಿ ತೊಳೆದ್ರೆ ಆ ಎಂಜಲ ಚಕ್ರಾನೂ ಇಟ್ಕೋಬೌದೇನೋ," ಎಂದರು. ಉಸ್ತಾದರ ಮುಖ ಅರಳಿತು. ಹೊಗೆಯ ಪಕ್ಷಕ್ಕೆ ಮತ್ತೆ ಜೀವ ಬಂತು. ಮಾವ ಪತ್ರಿಕೆ ಬಿಡಿಸಿ ನನ್ನ ಕಡೆ ಚಾಚಿ, "ಇನ್ನೊಂದ್ಸಲ ಓದೇ," ಎಂದರು.

ನಾನು ಓದಿ ಹೇಳಿದೆ. ಈ ಸಲ 'ಎಕ್ಸಾಸ್ಟ್' ಎಂಬುದನ್ನು ಎಕ್ಸಾಸ್ಟ್ ಎಂದೇ ಓದಿದೆ.

ಮರುದಿನ ಬೆಳಿಗ್ಗೆ, ಬೆಳಕು ಹರಿಯುತ್ತಿರುವಾಗ, ಒಂದು ಬಿಳಿ ಹಾಳೆಯ ಮೇಲೆ ಕಾಲೇಜಿನ ಹಾಸ್ಟೆಲ್ಲಿಗೆ ಅರ್ಜಿ ಬರೆದೆ. ಒಂದು ಚೀಲಕ್ಕೆ ಮೂರು ಸೀರೆ, ರೆಕಾರ್ಡು ಪುಸ್ತಕ, ಲೆಕ್ಕ ಮಾಡುವ ಸ್ಲೈಡ್ ರೂಲ್ ಹಾಕಿದೆ. ಅಂಗಳಕ್ಕೆ ಬಂದಾಗ ಅಪ್ಪ ಗಾಡಿಯ ಕೆಳಗೆ ಮಲಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು.

"ಅಪ್ಪ, ಒಂದು ಸಹಿ ಬೇಕು."

ಒಂದು ಕೈ ಹೊರಗೆ ಬಂತು. "ಏನಮ್ಮಣ್ಣಿ ಅದು?"

"ಹಾಸ್ಟೆಲ್ ಅರ್ಜಿ."

ಸ್ಪ್ಯಾನರಿನ ಸದ್ದು ನಿಂತಿತು. ಕೈ ಹಾಗೆಯೇ ಇತ್ತು. ಕೆಳಗಿನಿಂದ ಧ್ವನಿ ಬಂತು. "ಗಾಡಿ ರೆಡಿ ಆಗೋ ತನಕ ತಾನೆ?"

"ಹೂಂ. ಗಾಡಿ ರೆಡಿ ಆಗೋ ತನಕ."

"ಯಾವುದು ಹಾಕಿಸೋದು ಅಂತ ಇನ್ನೂ ತೀರ್ಮಾನ ಆಗಿಲ್ಲ ಕಣಮ್ಮ."

"ತೀರ್ಮಾನ ಆಗ್ಲಿ ಅಪ್ಪ. ಅಲ್ಲೀವರೆಗೂ ಇರ್ತೀನಿ."

ಅಪ್ಪ ಹೊರಗೆ ಸರಿದು, ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು ಸಹಿ ಮಾಡಿದರು. ಅವರ ಹೆಬ್ಬೆರಳಿನ ಗ್ರೀಸು ಸಹಿಯ ಪಕ್ಕದಲ್ಲಿ ಮೂಡಿತು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಹಾಳೆಯನ್ನು ಗ್ರೀಸು ಹರಡದ ಹಾಗೆ ಮಡಿಸಿ, ಮುಖ್ಯರಸ್ತೆಗೆ ನಡೆದುಹೋಗಿ, ಬೆಳಗಿನ ಮೊದಲ ಬಸ್ಸು ಹತ್ತಿದೆ. ಹೆಬ್ಬಾಳದ ಏರನ್ನು ಅದು ಸೂಪರ್‌ಚಾರ್ಜರ್, ಟರ್ಬೊ ಯಾವುದೂ ಇಲ್ಲದೆಯೇ ಏರಿತು.