ಯಾರಿಗಿಂತ ಮೇಡಂ ಮತ್ತು ಎರಡನೆಯ ಕುರ್ಚಿ

ನಮ್ಮ ಶಾಲೆಯ ಇಂಗ್ಲಿಷ್ ಟೀಚರಿಗೆ ಮಕ್ಕಳಿಟ್ಟ ಹೆಸರು ‘ಯಾರಿಗಿಂತ ಮೇಡಂ’. ಅವರು ಎಷ್ಟು ಬೇಗ ಬರುತ್ತಿದ್ದರೆಂದರೆ, ಅವರ ಚಪ್ಪಲಿಯ ಸದ್ದು ಕೇಳಿದ ಮೇಲೆಯೇ ಸೂರ್ಯ ಹಲ್ಲುಜ್ಜಲು ಏಳುತ್ತಿದ್ದ. ಗಣಿತ ಕಲಿಸುತ್ತಿದ್ದ ಅವರ ಯಜಮಾನರು ತದ್ವಿರುದ್ಧ. ತಮ್ಮ ಮದುವೆಗೇ ಅವರು ತಲುಪುವಷ್ಟರಲ್ಲಿ ನೆಂಟರು ಉಂಡು ಕೈ ತೊಳೆದಿದ್ದರಂತೆ.

ಈ ಜೋಡಿಯೇ ಮೂವತ್ತು ವರ್ಷ ಒಂದು ಪಾಠವಾಗಿತ್ತು. ಹಲಗೆಯ ಮುಂದೆ ಎರಡು ಕುರ್ಚಿ. ಮೇಡಂ ಬಂದು ಒಂದರಲ್ಲಿ ಕೂರುವರು; ಮಕ್ಕಳು ‘ಅರ್ಲಿ’ ಎಂದು ಬರೆಯಬೇಕು. ಯಾರಾದರೂ ಆತುರಪಟ್ಟು ‘ಅರ್ಲಿಯರ್’ ಎಂದರೆ, “ಯಾರಿಗಿಂತ?” ಎಂದು ಕನ್ನಡಕ ಇಳಿಸುವರು. ಯಜಮಾನರು ಕೋಟಿನ ಸೀಮೆಸುಣ್ಣದ ಪುಡಿ ಕೊಡವುತ್ತ ಬಂದು ಎರಡನೆಯದರಲ್ಲಿ ಕುಳಿತಾಗಲೇ ಮೇಡಂ ‘ಅರ್ಲಿಯರ್’, ಯಜಮಾನರು ‘ಲೇಟರ್’. ಹೋಲಿಕೆಗೆ ಇಬ್ಬರು ಬೇಕೆಂಬುದು ಗೋಡೆಗೂ ಅರ್ಥವಾಗುತ್ತಿತ್ತು.

ಕಳೆದ ವರ್ಷ ಯಜಮಾನರು ತೀರಿಕೊಂಡರು. ಮೇಡಂ ಬರೀ ಅರ್ಲಿ, ಲೇಟ್ ಕಲಿಸಿ ಪುಸ್ತಕ ಮುಚ್ಚತೊಡಗಿದರು. ಆ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಲು ಮನಸ್ಸಾಗಲಿಲ್ಲ. ಹೆಡ್‌ಮೇಷ್ಟ್ರು ಕರೆದು, ಪರೀಕ್ಷೆಯಲ್ಲಿ ಅರ್ಲಿಯರ್, ಲೇಟರ್ ಕೂಡ ಬರುತ್ತವೆ, ನಾಳೆ ತಮ್ಮೆದುರು ಪೂರ್ತಿ ಪಾಠ ಮಾಡದಿದ್ದರೆ ತರಗತಿ ಬೇರೆಯವರ ಪಾಲು ಎಂದರು. ಎರಡನೆಯ ಕುರ್ಚಿಗೆ ತಾವೇ ಬರುವುದಾಗಿಯೂ ಹೇಳಿದರು.

ಮರುದಿನ ಬೆಳಿಗ್ಗೆ ಹೆಡ್‌ಮೇಷ್ಟ್ರು ಬಾಗಿಲಾಚೆ ಕಾದು ನಿಂತರು. ಮೇಡಂ ಒಳಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಮಕ್ಕಳು ಈ ವರ್ಷ ಸೇರಿದವರು, ಯಜಮಾನರನ್ನು ಕಂಡವರೇ ಅಲ್ಲ. ನಲವತ್ತು ತಲೆಗಳೂ ಒಟ್ಟಿಗೆ ಬಗ್ಗಿ ಬರೆದವು. ಪೆನ್ಸಿಲ್ ಸದ್ದು ನಿಂತಾಗ ಕೋಣೆ ಹಾಳು ಬಾವಿಯಷ್ಟು ತಣ್ಣಗಾಯಿತು.

ಮೇಡಂ ಮುಂದಿನ ಬೆಂಚಿನ ಹುಡುಗಿಯ ಪುಸ್ತಕ ನೋಡಿದರು. ‘ಟೀಚರ್ ಕೇಮ್ ಲೇಟರ್.’ ಪಕ್ಕದವನದೂ ಅದೇ, ಹಿಂದಿನವಳದೂ ಅದೇ.

“ಯಾರಿಗಿಂತಮ್ಮಾ?”

“ಪಕ್ಕದ ಕುರ್ಚಿ ಅಜ್ಜನಿಗಿಂತ, ಮಿಸ್. ನಾವು ಬರೋ ಹೊತ್ತಿಗೇ ಕೂತಿದ್ರು. ಕೋಟು ಕೊಡವ್ತಾನೇ ಇದಾರೆ, ನೋಡಿ.”

ಕುರ್ಚಿ ಖಾಲಿಯೇ ಇತ್ತು. ಅದರ ಕೆಳಗೆ ನೆಲದ ಮೇಲೆ ಬಿಳಿ ಪುಡಿ ಸಣ್ಣಗೆ ಉದುರುತ್ತಿತ್ತು. ಹೆಡ್‌ಮೇಷ್ಟ್ರು ಒಳಗಿಟ್ಟ ಒಂದು ಕಾಲು ಅಲ್ಲೇ ಉಳಿಯಿತು. ಇನ್ನೊಂದು ಆಗಲೇ ಆಫೀಸು ಸೇರಿತ್ತು.

ಮೇಡಂ ಕುರ್ಚಿಯತ್ತ ತಿರುಗಿದರು. “ಒಂದು ದಿನ ನನಗಿಂತ ಮೊದಲು ಬನ್ನಿ ಅಂತ ಮೂವತ್ತು ವರ್ಷ ಬಡ್ಕೊಂಡೆ. ಈಗ ಬಂದ್ರಾ?” ಎಂದು, ಕೆಂಪು ಶಾಯಿಯಲ್ಲಿ ನಲವತ್ತು ಪುಸ್ತಕಕ್ಕೂ ಸರಿ ಗುರುತು ಹಾಕಿದರು.

ತರಗತಿಯನ್ನು ಅವರಿಂದ ಕಿತ್ತುಕೊಳ್ಳಲು ಮತ್ತೆ ಯಾರೂ ಬರಲಿಲ್ಲ. ಸೋಲೊಪ್ಪದ ಮೇಡಂ ಈಗ ಸೂರ್ಯನಿಗಿಂತ ಒಂದು ದಿನ ಮುಂಚೆಯೇ ಬಂದು ಬೀಗ ತೆಗೆಯುತ್ತಾರೆ. ಆದರೂ ಎರಡನೆಯ ಕುರ್ಚಿ ಮುಟ್ಟಿ ನೋಡಿದರೆ, ಆಗಲೇ ಬೆಚ್ಚಗಿರುತ್ತದಂತೆ.