ಒಂಟಿ ಸರಪಳಿಯ ಜಗಳ ಹೊತ್ತು ಯಡ್ತರೆಗೆ

ಮೈಸೂರಿನಿಂದ ಬೆಳಗಿನ ಮಂಗಳೂರು ಬಸ್ಸು ಹತ್ತಿದಾಗ ನನ್ನ ಬಳಿ ಎರಡು ಚೀಲಗಳಿದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಟವೆಲ್ಲು ಸುತ್ತಿದ ಗಾಜಿನ ಬಾಟಲಿ. ಬಟ್ಟೆಯ ಚೀಲವನ್ನು ಕಂಡಕ್ಟರು ಮೇಲಕ್ಕೆ ಎಸೆದ. ಇನ್ನೊಂದಕ್ಕೆ ಕೈ ಹಾಕಿದಾಗ ಮಾತ್ರ “ರೀ, ಅದನ್ನ ಮುಟ್ಟಬೇಡಿ!” ಎಂದು ಕಿರುಚಿಬಿಟ್ಟೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅದು ಎರಡು ಸಾವಿರದ ನಾಲ್ಕರ ಮಾರ್ಚ್ ತಿಂಗಳು. ನಾನು ಹೊರಟಿದ್ದು ಬೈಂದೂರಿನ ಪಕ್ಕದ ಯಡ್ತರೆಗೆ. ಅಲ್ಲಿ ಗೆಳತಿ ಶೈಲಳ ಮನೆ ಒಕ್ಕಲು, ಅಂದರೆ ಗೃಹಪ್ರವೇಶ, ಇತ್ತು. ಅವಳು ನನ್ನನ್ನು ಕರೆದಿರಲಿಲ್ಲ. ಅವಳ ಅಮ್ಮ ಕರೆದಿದ್ದರು. ನಾನು ಹೊರಟದ್ದಾದರೂ ಊಟಕ್ಕಲ್ಲ, ಜಗಳಕ್ಕೆ.

ಜಗಳದ ಮೂಲ ಆ ಬಾಟಲಿಯಲ್ಲೇ ಇತ್ತು. ಉಪ್ಪುನೀರಿನಲ್ಲಿ ಕರಗಿಸಿದ ಒಂದು ಚಿಟಿಕೆ ಗೋಂದಿನ ಪುಡಿ. ಐಸ್‌ಕ್ರೀಮು ಗಟ್ಟಿಯಾಗಿ ನಿಲ್ಲಲೆಂದು ಹಾಕುತ್ತಾರಲ್ಲ, ಅದೇ. ಅದರ ಒಂದೊಂದು ಅಣುವೂ ಒಂದು ಉದ್ದನೆಯ ಸರಪಳಿ. ಹೆಚ್ಚಿನ ಪಾಲಿಮರ್ ಸರಪಳಿಗಳು ನೀರಿಗೆ ಬಿದ್ದರೆ ಮುದುರಿ ಉಂಡೆಯಾಗುತ್ತವೆ. ಇದು ಹಾಗಲ್ಲ, ಬಿಗಿ ಜಾತಿಯದು. ಅಲ್ಪಸ್ವಲ್ಪ ಬಾಗುತ್ತದೆ, ಆದರೆ ಮಡಚಿಕೊಳ್ಳುವುದಿಲ್ಲ. ಇಂಥ ಒಂದು ಸರಪಳಿಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಸುತ್ತ ನೀರು ತುಂಬಿ, ನೀರು ಅದನ್ನು ದಬ್ಬಿದಾಗ ಅದು ಹೇಗೆ ಬಾಗುತ್ತದೆ, ಹೇಗೆ ಹೊರಳುತ್ತದೆ, ನೀರನ್ನು ಎಷ್ಟು ಮಂದ ಮಾಡುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನಿಜವಾದ ನೀರಿನಲ್ಲಿ ನಿಜವಾದ ಗೋಂದು ಕದಡಿ, ಸಣ್ಣ ಗಾಜಿನ ಕೊಳವೆಯಲ್ಲಿ ಅದು ಇಳಿಯುವ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಅಳೆಯುವುದು ಶೈಲಳ ಕೆಲಸ. ನನ್ನ ಲೆಕ್ಕ, ಅವಳ ಅಳತೆ ಎರಡೂ ಒಂದೇ ಗೆರೆಗೆ ಬರಬೇಕಿತ್ತು. ಎಲ್ಲಿ ಬಂತು! ನನ್ನ ಲೆಕ್ಕಕ್ಕಿಂತ ಅವಳ ನೀರು ಎಷ್ಟೋ ಪಾಲು ಮಂದವಾಗಿತ್ತು.

“ನಿನ್ನ ಮಾದರಿ ತಪ್ಪು” ಎಂದಳು ಅವಳು. “ನಿನ್ನ ಕೈ ತಪ್ಪು” ಎಂದೆ ನಾನು. ಅಷ್ಟರಲ್ಲಿ ಅವಳಿಗೆ ಕುಂದಾಪುರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿ ಊರಿಗೆ ಹೋದಳು. ಜಗಳ ಫೋನಿಗೆ ಹತ್ತಿತು. ಕೊನೆಗೊಂದು ದಿನ ಅವಳು ಫೋನು ಕುಕ್ಕಿದಳು, ಆಮೇಲೆ ಎತ್ತಲೇ ಇಲ್ಲ. ನಮ್ಮಿಬ್ಬರ ಸಂಶೋಧನೆಯ ಮಾರ್ಗದರ್ಶಕರಾದ ಮೇಷ್ಟ್ರು ನನ್ನನ್ನು ಕರೆದು, “ಭಾಗ್ಯ, ತಿಂಗಳ ಕೊನೆಯೊಳಗೆ ಇಬ್ಬರೂ ಸೇರಿ ಯಾವುದು ಸರಿ ಅಂತ ಹೇಳಿ. ಇಲ್ಲವೋ, ಆ ಅಧ್ಯಾಯ ನಿನ್ನ ಪ್ರಬಂಧದಲ್ಲಿ ಇರಲ್ಲ” ಎಂದರು. ಮೂರು ವರ್ಷದ ಕೆಲಸ ಅದು. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳತಿ ಅವಳು. ಎರಡೂ ಒಟ್ಟಿಗೆ ಕೈಬಿಟ್ಟು ಹೋಗುವ ಹಾಗಿತ್ತು. ನನ್ನ ಕಣ್ಣೆದುರೇ ಅವಳು ಇನ್ನೊಮ್ಮೆ ಅಳೆಯಲಿ ಎಂಬ ಹಟದಲ್ಲಿ ಬಾಟಲಿ ಹೊತ್ತು ಹೊರಟಿದ್ದೆ.

ಮಡಿಕೇರಿಯ ತಿರುವುಗಳಲ್ಲೂ ಬಾಟಲಿಯನ್ನು ತೊಡೆಯಿಂದ ಇಳಿಸಲಿಲ್ಲ. ಮಂಗಳೂರಿನಲ್ಲಿ ಮಧ್ಯಾಹ್ನದ ಸೆಕೆ ಮುಖಕ್ಕೆ ರಾಚಿತು. ಮಂಡ್ಯದ ಬಿಸಿಲು ಕಂಡವಳು ನಾನು, ಬಿಸಿಲಿಗೆ ಹೆದರುವುದಿಲ್ಲ. ಆದರೆ ಸುಮ್ಮನೆ ಕೂತರೂ ಬೆವರು ಇಳಿಸುವ ಈ ಸೆಕೆ ಬೇರೆಯೇ. ಬೈಂದೂರಿನ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. ಕಂಡಕ್ಟರು ಬಾಗಿಲಲ್ಲಿ ಒಂದು ಕಾಲಿನಲ್ಲಿ ನೇತಾಡುತ್ತಾ ಊರುಗಳ ಹೆಸರನ್ನು ಒಂದೇ ಉಸಿರಿಗೆ ಕೂಗುತ್ತಿದ್ದ. ಡ್ರೈವರಿಗೆ ಹಾರ್ನಿನ ಮೇಲೆ ವಿಪರೀತ ಪ್ರೀತಿ. ಉಡುಪಿ ದಾಟಿ ಬ್ರಹ್ಮಾವರ ತಲುಪುವಾಗ ಟಯರು ಪಂಕ್ಚರ್ ಆಯಿತು.

ಎಲ್ಲರೂ ಇಳಿದೆವು. ರಸ್ತೆಬದಿಯ ಹೋಟೆಲಿನಲ್ಲಿ ಆಗಷ್ಟೇ ಎಣ್ಣೆಯಿಂದ ತೆಗೆದ ಗೋಳಿಬಜೆ. ಒಂದು ಪ್ಲೇಟು ತಿಂದೆ, ಸಾಲದೆ ಇನ್ನೊಂದು ಹೇಳಿದೆ. ಎದುರಿಗೆ ಕುಂದಾಪುರಕ್ಕೆ ಹೊರಟಿದ್ದ ವಯಸ್ಸಾದ ಹೆಂಗಸೊಬ್ಬರು ಮಲ್ಲಿಗೆಯ ಪೊಟ್ಟಣ ಹಿಡಿದು ಕೂತಿದ್ದರು. ಅವರ ಕಣ್ಣು ಚೀಲದಿಂದ ಇಣುಕುತ್ತಿದ್ದ ನನ್ನ ಬಾಟಲಿಯ ಮೇಲೆ.

“ಎಂತ ಅದ್? ಮದ್ದಾ?”

“ಅಲ್ಲಮ್ಮ, ಗೋಂದಿನ ನೀರು.”

“ಗೋಂದಿನ್ ನೀರ್ ಮೈಸೂರಿಂದ ಹೊತ್ಕಂಡ್ ಬಂದದ್ದಾ? ಯಾರಿಗೆ?”

“ಗೆಳತಿಗೆ. ಅವಳ ಜೊತೆ ಜಗಳ ಇದೆ.”

ಆಕೆ ಚಾ ಲೋಟ ಕೆಳಗಿಟ್ಟು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಪೊಟ್ಟಣ ಬಿಚ್ಚಿ ಒಂದು ದಂಡೆ ಮಲ್ಲಿಗೆ ತೆಗೆದು ನನ್ನ ಕೈಗಿಟ್ಟರು. “ಜಗಳಕ್ ಹೋಪುದಾರೂ ಬರಿ ಕೈಯಂಗೆ ಹೋಪುಕಾಗ. ಇದನ್ ಕೊಡ್, ಮತ್ತೆ ಜಗಳ ಮಾಡ್” ಎಂದರು. ನಾನು ಬೇಡವೆಂದರೂ ಬಿಡಲಿಲ್ಲ. ಕುಂದಾಪುರದಲ್ಲಿ ಇಳಿಯುವಾಗ ಕಿಟಕಿಯ ಹತ್ತಿರ ಬಂದು “ಗೆದ್ಕಂಡ್ ಬಾ” ಎಂದು ಕೂಗಿ ಹೋದರು.

ಕುಂದಾಪುರದಿಂದ ಬೈಂದೂರು ಮೂವತ್ತು ಚಿಲ್ಲರೆ ಕಿಲೋಮೀಟರು. ಮರವಂತೆ ಬಂದಾಗ ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ನಮ್ಮ ಬಸ್ಸು. ಬಸ್ಸಿನವರೆಲ್ಲ ತಂತಮ್ಮ ಮಾತಿನಲ್ಲಿದ್ದರು. ನಾನೊಬ್ಬಳೇ ಹುಚ್ಚಿಯ ಹಾಗೆ ಆ ಕಡೆ ಈ ಕಡೆ ತಿರುಗುತ್ತಿದ್ದೆ. ಅಬ್ಬಾ, ಎಂಥ ಗಾಳಿ! ಐದು ನಿಮಿಷ ನನಗೆ ಸರಪಳಿಯೂ ನೆನಪಿರಲಿಲ್ಲ, ಪ್ರಬಂಧವೂ ನೆನಪಿರಲಿಲ್ಲ.

ಸಂಜೆ ಬೈಂದೂರಿನಲ್ಲಿ ಇಳಿದು ಆಟೋದಲ್ಲಿ ಯಡ್ತರೆಗೆ ಹೋದೆ. ಹೊಸ ಮನೆಗೆ ಸುಣ್ಣದ ವಾಸನೆ ಇನ್ನೂ ಇತ್ತು. ಶೈಲಳ ಅಮ್ಮ ಓಡಿ ಬಂದರು. “ಬಾ ಹೆಣೆ, ಸುಸ್ತಾಯ್ತಾ? ಕೂಕೋ, ಮೊದ್ಲ್ ಬೆಲ್ಲ ನೀರ್ ಕುಡಿ” ಎಂದು ಒಂದು ತುಂಡು ಬೆಲ್ಲ, ಒಂದು ತಂಬಿಗೆ ತಣ್ಣನೆ ನೀರು ತಂದಿಟ್ಟರು. ಮಲ್ಲಿಗೆ ಅವರಿಗೇ ಕೊಟ್ಟೆ. ಅಷ್ಟು ಹೊತ್ತಿಗೆ ಶೈಲ ಒಳಗಿನಿಂದ ಬಂದಳು. ನನ್ನನ್ನು ನೋಡಿದಳು, ಬಾಟಲಿಯನ್ನು ನೋಡಿದಳು.

“ಬಂದ್ರಿಯಾ? ಕೂಕಣಿ” ಎಂದಳು.

ಬಂದ್ರಿಯಾ! ಕೂಕಣಿ! ಆರು ವರ್ಷ ಒಂದೇ ಕೋಣೆಯಲ್ಲಿ ಮಲಗಿ, ನನ್ನನ್ನು ‘ಹ್ವಾಯ್’ ಎಂದಷ್ಟೇ ಕರೆದವಳು ಬ್ಯಾಂಕಿನ ಮ್ಯಾನೇಜರನ್ನು ಮಾತಾಡಿಸಿದ ಹಾಗೆ ಮಾತಾಡಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಬಹುವಚನದ ಮರ್ಯಾದೆ ಮಾತ್ರ ಎದೆಗೆ ನಾಟಿತು. ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಎಷ್ಟು ರುಚಿಯಾಗಿತ್ತೆಂದರೆ ದುಃಖದಲ್ಲೂ ಮೂರು ಸಲ ಬಡಿಸಿಕೊಂಡೆ. ಶೈಲ ಎರಡೇ ತುತ್ತು ತಿಂದು ಎದ್ದಳು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಚಪ್ಪರದ ಗಲಾಟೆ. ಶೈಲಳ ಸೋದರಮಾವ ಅದರ ಯಜಮಾನ. ಮುಂಬೈಯಲ್ಲಿ ಬಹಳ ಕಾಲ ಹೋಟೆಲು ನಡೆಸಿದವರು, ಆಗ ಸಪ್ಲೈಯರುಗಳನ್ನು ಕೂಗಿದ ದನಿಯಲ್ಲೇ ಈಗ ನೆಂಟರನ್ನೂ ಕೂಗುತ್ತಿದ್ದರು. ಒಂದು ಮೂಲೆಯಲ್ಲಿ ಹೆಣೆದ ತೆಂಗಿನ ಗರಿಯ ಮಡಲು, ಇನ್ನೊಂದು ಮೂಲೆಯಲ್ಲಿ ತೆಂಗಿನ ನಾರಿನ ಹಗ್ಗದ ಸುರುಳಿಗಳ ರಾಶಿ, ಹೊರಗೆ ರಸ್ತೆಯ ಮೇಲೆ ಉದ್ದುದ್ದ ಬಿದಿರು. ಈ ಕಡೆಯ ಕ್ರಮ ಏನೆಂದರೆ, ಚಪ್ಪರಕ್ಕೆ ಬಂದ ನೆಂಟರು ಸುಮ್ಮನೆ ಕೂರುವ ಹಾಗಿಲ್ಲ. ಒಂದಾದರೂ ಗಳ ಎತ್ತಿಕೊಡಬೇಕು. ನಾನೂ ಒಂದು ಬಿದಿರು ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಬಂದೆ. ಅಷ್ಟರಲ್ಲಿ ಇನ್ನಿಬ್ಬರು ನೆಂಟರು ತಮ್ಮ ಬಿದಿರಿನೊಂದಿಗೆ ಒಳಗೆ ಬಂದರು. ಒಬ್ಬರ ತುದಿ ಬಾವಿಕಟ್ಟೆಗೆ ತಾಗಿತು, ಇನ್ನೊಬ್ಬರದು ಹೊಸ ಗೋಡೆಗೆ.

“ಹ್ವಾಯ್, ಮೈಸೂರ್ ಹೆಣೆ, ಇತ್ಲಾಗ್ ಬಾ!” ಎಂದು ಮಾವ ಕೂಗಿದರು. ನಾನು ಗರ್ರನೆ ತಿರುಗಿದೆ. ನನ್ನ ಜೊತೆ ಬಿದಿರೂ ತಿರುಗಿತು. ಹಿಂದೆ ಕಾಫಿ ತರುತ್ತಿದ್ದ ಶೈಲಳ ಭುಜಕ್ಕೆ ಬಡಿದು, ಲೋಟಗಳೆಲ್ಲ ಠಣಠಣ ಎಂದು ಅಂಗಳಕ್ಕೆ ಉರುಳಿದವು.

“ಹ್ವಾಯ್, ನಿಂಗ್ ಕಣ್ಣ್ ಕಾಂತಿಲ್ಯಾ?” ಎಂದು ಅವಳು ಕಿರುಚಿದಳು. “ಇಷ್ಟ್ ದೊಡ್ಡ ಅಂಗಳ ಇತ್ತ್, ತಿರ್ಗುಕೆ ಜಾಗ ಇಲ್ಯಾ ನಿಂಗೆ?”

“ಎಲ್ಲಿದೆಯೇ ಜಾಗ?” ನಾನೂ ಬಿಡಲಿಲ್ಲ. “ಮೂರೇ ಮೂರು ಬಿದಿರು ಬಂದಿದ್ದಕ್ಕೆ ಅಂಗಳ ತುಂಬಿಹೋಗಿದೆ!”

ಹೇಳಿದವಳೇ ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಶೈಲ ಭುಜ ಉಜ್ಜಿಕೊಳ್ಳುವುದನ್ನು ನಿಲ್ಲಿಸಿ ಮೂಲೆಯ ಹಗ್ಗದ ರಾಶಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

“ಹಗ್ಗ ಆಗಿದ್ರೆ ಮೂವತ್ತ್ ಸುರುಳಿ ಇದ್ರೂ ಜಾಗ ಆತಿತ್ತ್” ಎಂದಳು ಮೆಲ್ಲಗೆ.

“ಶೈಲಾ, ನೀನು ಗೋಂದಿನ ನೀರನ್ನ ಎಷ್ಟು ತೆಳು ಮಾಡಿದ್ದೆ?”

“ನೀಲಿ ಗೆರೆ ವರಿಗೆ. ಎಲ್ರೂ ಮಾಡು ಹಾಂಗೆ.”

ಅಲ್ಲೇ ಇತ್ತು ನಮ್ಮ ಎಡವಟ್ಟು. ನಮ್ಮ ಪ್ರಯೋಗಾಲಯದ ಅಳತೆ ಪಾತ್ರೆಯ ಮೇಲೆ ಹಿಂದಿನವರು ಯಾರೋ ಎಳೆದ ನೀಲಿ ಗೆರೆಯೊಂದಿದೆ. ಅಷ್ಟು ನೀರು ಸೇರಿಸಿದರೆ ದ್ರಾವಣ ಸಾಕಷ್ಟು ತೆಳುವಾಯಿತು, ಸರಪಳಿಗಳು ಒಂದಕ್ಕೊಂದು ತಾಗುವುದಿಲ್ಲ ಎಂದು ಲೆಕ್ಕ. ಅವರೆಲ್ಲ ಕೆಲಸ ಮಾಡಿದ್ದು ಮುದುರಿ ಉಂಡೆಯಾಗುವ ಸರಪಳಿಗಳ ಮೇಲೆ. ಅವಕ್ಕೆ ಆ ಗೆರೆ ಸರಿಯೇ. ಬಿಗಿ ಸರಪಳಿ ಮೈ ಚಾಚಿಕೊಂಡೇ ಇರುತ್ತದೆ. ಒಂದು ಸುತ್ತು ತಿರುಗಲಿಕ್ಕೆ ಅದಕ್ಕೆ ಅಂಗಳದಷ್ಟು ಜಾಗ ಬೇಕು. ನೀಲಿ ಗೆರೆಯ ನೀರಿನಲ್ಲಿ ಅವು ಪರಸ್ಪರ ಬಡಿದಾಡುತ್ತಿದ್ದವು. ನನ್ನ ಕಂಪ್ಯೂಟರಿನ ಸರಪಳಿ ಒಂಟಿ, ಅವಳ ಕೊಳವೆಯದು ಜಾತ್ರೆ. ಅವಳ ಅಳತೆಯೂ ಸರಿ, ನನ್ನ ಲೆಕ್ಕವೂ ಸರಿ, ಆದರೆ ಅವೆರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರವಾಗಿದ್ದವು. ನಾಲ್ಕು ತಿಂಗಳು ಸುಮ್ಮಸುಮ್ಮನೆ ಬೈದಾಡಿಕೊಂಡಿದ್ದೆವು!

ಇಬ್ಬರೂ ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕೂತು, ತೆಂಗಿನ ಗರಿಯ ಕಡ್ಡಿಯಿಂದ ಮಣ್ಣಿನ ಮೇಲೆ ಲೆಕ್ಕ ಗೀಚತೊಡಗಿದೆವು. ಮಾವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಇಬ್ರಿಗೂ ಎಂತ ಆಯ್ತ್ ಮಾರಾಯ್ತಿ? ಬಿದಿರ್ ತಲಿಗ್ ಬಡ್ದಿತಾ?”

“ಭುಜಕ್ ಮಾವ, ಭುಜಕ್ಕೇ ಬಡ್ದದ್ದ್!” ಎಂದು ಶೈಲ ಬಿದ್ದು ಬಿದ್ದು ನಕ್ಕಳು. ಅವಳು ನಕ್ಕಿದ್ದು ಕೇಳಿ ಎಷ್ಟು ದಿನ ಆಗಿತ್ತೋ. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಆದರೆ ಮಣ್ಣಿನ ಮೇಲಿನ ಲೆಕ್ಕವನ್ನು ಮೇಷ್ಟ್ರು ಒಪ್ಪುವುದಿಲ್ಲ, ಅಳೆದು ತೋರಿಸಬೇಕು. ಮರುದಿನ ಮನೆ ಒಕ್ಕಲು ಮುಗಿಸಿ, ಪಾಯಸ ಉಂಡು, ಅದರ ಮರುದಿನ ಬೆಳಿಗ್ಗೆಯೇ ಇಬ್ಬರೂ ಕುಂದಾಪುರಕ್ಕೆ ಬಂದೆವು. ಶೈಲಳ ಕಾಲೇಜಿನ ರಸಾಯನಶಾಸ್ತ್ರದ ಮುಖ್ಯಸ್ಥರು ಮಧ್ಯಾಹ್ನದವರೆಗೆ ಪ್ರಯೋಗಾಲಯ ಬಿಟ್ಟುಕೊಟ್ಟರು. ಕೊಳವೆ ಇತ್ತು, ಸ್ಟಾಪ್‌ವಾಚು ಇತ್ತು. ನೀರಿನ ಬಿಸಿ ಏರದ ಹಾಗೆ ಕೊಳವೆಯನ್ನು ದೊಡ್ಡ ಬೋಗುಣಿಯ ನೀರಿನಲ್ಲಿ ನಿಲ್ಲಿಸಿ, ಥರ್ಮಾಮೀಟರು ಹಿಡಿದು ನಾನು ಕಾವಲು ಕೂತೆ.

ಮೈಸೂರಿನ ಬಾಟಲಿಯಿಂದ ಶೈಲ ಒಂದು ಪಾಲು ತೆಗೆದು ಉಪ್ಪುನೀರು ಬೆರೆಸಿದಳು. ಅಳೆದಳು. ನನ್ನ ಲೆಕ್ಕದ ಗೆರೆ ಎಳೆದಿದ್ದ ಗ್ರಾಫಿನ ಹಾಳೆಯ ಮೇಲೆ ಅವಳಿಟ್ಟ ಚುಕ್ಕಿ ಮೊದಲಿಗಿಂತ ಕೆಳಗಿಳಿಯಿತು, ಆದರೆ ಗೆರೆಗೆ ಮುಟ್ಟಲಿಲ್ಲ. ಇನ್ನೂ ತೆಳು ಮಾಡಿದಳು. ಈಗ ಅದಕ್ಕೂ ಬರಿ ನೀರಿಗೂ ಇಳಿಯುವ ಹೊತ್ತಿನಲ್ಲಿ ಇರುವ ವ್ಯತ್ಯಾಸ ಅಷ್ಟಿಷ್ಟೇ. ಕೈ ಒಂದಿಷ್ಟು ಅಲುಗಿದರೂ ಅಳತೆ ಕೆಟ್ಟ ಹಾಗೆ. ನಾಲ್ಕು ತಿಂಗಳು ನಾನು ಬೈದದ್ದು ಇದೇ ಕೈಯನ್ನು. ನೋಡುತ್ತಾ ಕೂತೆ: ದ್ರವ ಮೇಲಿನ ಗುರುತು ದಾಟುತ್ತಲೇ ಬೆರಳು ಒತ್ತುತ್ತಿತ್ತು, ಕೆಳಗಿನ ಗುರುತಿಗೆ ಮತ್ತೆ ಒತ್ತುತ್ತಿತ್ತು. ಸುಮ್ಮನೆ ಅದನ್ನೇ ಮಾಡಿದಳು, ಮತ್ತೆ ಮತ್ತೆ, ಹೊತ್ತು ಒಂದೇ ಬರುವ ತನಕ. ಆಮೇಲೆ ಹಾಳೆಯ ಮೇಲೆ ಮತ್ತೊಂದು ಚುಕ್ಕಿ ಇಟ್ಟಳು. ಚುಕ್ಕಿ ನನ್ನ ಗೆರೆಯ ಮೇಲೇ ಕೂತಿತ್ತು. ಮತ್ತೂ ತೆಳು ಮಾಡಿ ಇನ್ನೊಂದು ಇಟ್ಟಳು. ಅದೂ ಗೆರೆಯ ಮೇಲೇ.

“ಹೋ!” ಎಂದು ನಾನು ಕೂಗಿದ್ದಕ್ಕೆ ಪಕ್ಕದ ತರಗತಿಯ ಹುಡುಗಿಯರು ಬಾಗಿಲಿಗೆ ಬಂದರು. ಶೈಲ ನನ್ನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದಳು. ಬೋಗುಣಿ ಉರುಳದೆ ಉಳಿದದ್ದೇ ಪುಣ್ಯ.

ಎಸ್‌ಟಿಡಿ ಬೂತಿನಿಂದ ಮೇಷ್ಟ್ರಿಗೆ ಫೋನು ಮಾಡಿದೆವು. ಅವರು ಎಲ್ಲ ಕೇಳಿಸಿಕೊಂಡು, “ಅಧ್ಯಾಯ ಇರಲಿ. ಆ ನೀಲಿ ಗೆರೆ ನಾನೇ ಎಳೆದದ್ದು ಕಣ್ರಮ್ಮ” ಎಂದು ನಕ್ಕರು.

ಸಂಜೆ ಬೀಜಾಡಿಯ ಕಡಲಿಗೆ ಹೋಗಿ ಮೊಣಕಾಲವರೆಗೆ ನೀರಿಗಿಳಿದೆವು. ಸಂಶೋಧನೆಯ ಮಾತು ಒಂದೂ ಆಡಲಿಲ್ಲ. ಹಾಸ್ಟೆಲಿನ ಸಾರು, ವಾರ್ಡನ್ನಿನ ಗೊರಕೆ, ಇಂಥವೇ. ಕೋಟೇಶ್ವರಕ್ಕೆ ನಡೆದು ಬಂದು ಮಂಗಳೂರಿನ ಬಸ್ಸಿಗೆ ಕಾದೆವು. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಕೆಳಗೆ ನಿಂತಿದ್ದ ಶೈಲ ಕಿಟಕಿಯ ಸರಳು ಹಿಡಿದುಕೊಂಡಳು.

“ಹ್ವಾಯ್, ಇನ್ನೊಂದ್ ಸಲ ಜಗಳ ಮಾಡುಕಿದ್ರೆ ಮನಿಗೇ ಬಾ. ಫೋನಂಗೆ ಬ್ಯಾಡ. ಫೋನಂಗೆ ಜಗಳ ಮಾಡ್ರೆ ನಂಗೆ ಉಂಬುಕೇ ಸೇರುದಿಲ್ಲ” ಎಂದಳು.

ಕಂಡಕ್ಟರು ಸೀಟಿ ಊದಿದ. ಬಸ್ಸು ಚಲಿಸಿದರೂ ಅವಳು ಸರಳು ಬಿಡಲಿಲ್ಲ, ನಾಲ್ಕು ಹೆಜ್ಜೆ ಜೊತೆಗೇ ಓಡಿದಳು. “ಹಾಳಾದವಳೇ, ಬೀಳ್ತೀಯ, ಬಿಡು!” ಎಂದು ಬೈದೆ. ಬೈಯುತ್ತಾ ಅವಳ ಬೆರಳುಗಳ ಮೇಲೆ ನನ್ನ ಕೈ ಇಟ್ಟುಕೊಂಡೇ ಇದ್ದೆ.